ಜೀಪು ತುಂಬಾ ಜಾಮೀನು

ಮಾರ್ಚ್ ಕೊನೆಯ ಒಂದು ಗುರುವಾರ ಬೆಳಿಗ್ಗೆ ಹಾಸನದಲ್ಲಿ ಸಕಲೇಶಪುರದ ಕೆಂಪು ಬಸ್ಸು ಹತ್ತಿದೆ. ಘಾಟಿ ಕಡೆ ಹೊರಟಾಗಲೆಲ್ಲ ನಾನು ಮೊದಲು ಚೀಲಕ್ಕೆ ಹಾಕಿಕೊಳ್ಳುವುದು ಎರಡು ನಿಂಬೆಹಣ್ಣು, ಆಮೇಲೆ ಕೇಸಿನ ಕಾಗದ. ನಾಲ್ಕು ತಿರುವು ಬಂದರೆ ಹೊಟ್ಟೆ ತೊಳಸುವ ಜಾತಿ ನನ್ನದು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಹೆಂಗಸಾದ್ದಕ್ಕೆ ಒಂದು ಇಲಾಖೆ ಪುಕ್ಕಟೆ ಕರೆದುಕೊಂಡು ಹೋದರೆ, ನನ್ನ ಕಚೇರಿಗೆ ಪ್ರಯಾಣ ಭತ್ಯೆಯ ಬಿಲ್ಲು ಬರೆಯಲು ಏನೂ ಉಳಿಯುವುದಿಲ್ಲ. ಸರ್ಕಾರದ ಎಡಗೈ ಕೊಟ್ಟಿದ್ದನ್ನು ಬಲಗೈ ಉಳಿಸಿಕೊಂಡಿತು ಎಂದುಕೊಂಡು ಕಿಟಕಿ ಪಕ್ಕ ಕೂತೆ.

ನನ್ನ ಕಚೇರಿ ಎಂದರೆ ಸರ್ಕಾರದ ಕಾನೂನು ನೆರವಿನ ಕಚೇರಿ. ವಕೀಲರನ್ನು ಇಡಲು ಕೈಲಾಗದವರಿಗೆ ಅದು ವಕೀಲರನ್ನು ಕೊಡುತ್ತದೆ. ಜೈಲಿನಲ್ಲಿರುವವರನ್ನು ವಾರಕ್ಕೊಮ್ಮೆ ಹೋಗಿ ಮಾತಾಡಿಸುವುದು, ಯಾರ ಕೇಸು ಎಲ್ಲಿ ಸಿಕ್ಕಿಕೊಂಡಿದೆ ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ಹಾಗೆ ಹೋದಾಗಲೇ ಲೋಕೇಶ ಸಿಕ್ಕಿದ್ದು. ವಯಸ್ಸು ನಲವತ್ತರ ಹತ್ತಿರ, ಊರು ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆ ಕಡೆ. ಊರಿನ ಹೆಸರು ಬೇಡ, ಚಿಕ್ಕ ಊರು, ಬರೆದರೆ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ. ಅಲ್ಲಿನ ಒಂದು ಎಸ್ಟೇಟಿನ ಸ್ಟೋರಿನಿಂದ ಒಣಗಿಸಿದ ಕಾಫಿ ಮೂಟೆಗಳು ಕಾಣೆಯಾಗಿದ್ದವು. ಕೊನೆಯ ಸಲ ಲಾರಿಗೆ ಮೂಟೆ ಹೊತ್ತವನು ಲೋಕೇಶ ಎಂದು ಎಸ್ಟೇಟಿನವರು ದೂರು ಕೊಟ್ಟರು, ಪೊಲೀಸರು ಹಿಡಿದುಕೊಂಡು ಹೋದರು. ಸಕಲೇಶಪುರದ ಕೋರ್ಟು ಜಾಮೀನನ್ನೂ ಕೊಟ್ಟಿತು. ಸ್ವಂತ ಹೆಸರಿನಲ್ಲಿ ಜಮೀನಿರುವ ಒಬ್ಬರು ಬಂದು ಇವನಿಗೆ ನಾನು ಹೊಣೆ ಎಂದು ಸಹಿ ಹಾಕಿದರೆ ಸಾಕಿತ್ತು. ಆದೇಶವಾಗಿ ವಾರಗಳೇ ಕಳೆದರೂ ಯಾರೂ ಬಂದಿರಲಿಲ್ಲ. ಬಾಗಿಲು ತೆರೆದಿದ್ದರೂ ಮನುಷ್ಯ ಒಳಗೇ ಇದ್ದ.

ಇಷ್ಟೇ ಆಗಿದ್ದರೆ ಇನ್ನೊಂದು ವಾರ ತಡೆದು ಹೋಗಬಹುದಿತ್ತು. ಆದರೆ ಬುಧವಾರ ಜೈಲಿನಲ್ಲಿ ಅವನು ತಲೆ ಬಗ್ಗಿಸಿಕೊಂಡೇ ಹೇಳಿದ ಮಾತು ನನ್ನನ್ನು ಬಸ್ಸು ಹತ್ತಿಸಿತ್ತು. ಬರುವ ಸೋಮವಾರ ಕೋರ್ಟಿನಲ್ಲಿ ಅವನ ಮೇಲಿನ ಆರೋಪ ಓದಿ, ಒಪ್ಪುತ್ತೀಯಾ ಇಲ್ಲವಾ ಎಂದು ಕೇಳುವವರಿದ್ದರು.

"ಒಪ್ಕಂಡ್ಬುಡ್ತೀನಿ ಮೇಡಂ," ಎಂದಿದ್ದ ಲೋಕೇಶ.

"ಕದ್ದಿದ್ದೀಯಾ?"

"ಇಲ್ಲ."

"ಮತ್ತೆ?"

"ಒಪ್ಕಂಡ್ರೆ ಇಲ್ಲಿ ಕಳ್ದಿರೋ ದಿನಾನೇ ಶಿಕ್ಷೆ ಅಂತ ಹಿಡ್ಕಂಡು ಬುಟ್ಬುಡ್ತಾರಂತೆ, ಒಳಗಿರೋರು ಹೇಳಿದ್ರು. ಜಾಮೀನಿಗೆ ಅಂತ ಊರಿಂದ ಒಂದು ನರಪಿಳ್ಳೆ ಬರ್ಲಿಲ್ಲ. ಅಂದ್ಮೇಲೆ ಊರೇ ನನ್ನ ಕಳ್ಳ ಅಂತ ಒಪ್ಕಂಡಂಗಲ್ವಾ? ಊರು ಒಪ್ಕಂಡ್ಮೇಲೆ ನಾನೊಬ್ಬ ಒಪ್ಪದೆ ಇದ್ರೆ ಏನೈತೆ?"

ಒಪ್ಪಿಕೊಂಡರೆ ಬೇಗ ಹೊರಗೆ ಬರಬಹುದು, ನಿಜ. ಆದರೆ ಆಮೇಲೆ ಅವನು ಕಾಗದದ ಮೇಲೆ ಕಳ್ಳ. ಆ ಬೆಟ್ಟದ ಸಾಲಿನಲ್ಲಿ ಯಾವ ಎಸ್ಟೇಟಿನವರೂ ಅವನನ್ನು ಗೇಟಿನೊಳಗೆ ಬಿಡುವುದಿಲ್ಲ. ಮಕ್ಕಳಿಗೆ ಕಳ್ಳನ ಮಕ್ಕಳು ಎಂಬ ಹೆಸರು ಅಂಟಿಕೊಳ್ಳುತ್ತದೆ. ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸಿದನೇ ಹೊರತು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಎರಡನೇ ಶನಿವಾರವಲ್ಲದಿದ್ದರೂ ಆ ಶನಿವಾರ ಹಬ್ಬದ ರಜೆ, ಭಾನುವಾರ ಹೇಗೂ ರಜೆ. ನನ್ನ ಕೈಯಲ್ಲಿದ್ದದ್ದು ಗುರುವಾರ, ಶುಕ್ರವಾರ ಅಷ್ಟೇ.

ಆಲೂರು ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರು ಬಾಳ್ಳುಪೇಟೆಯ ಹತ್ತಿರ ಸ್ವಲ್ಪ ಕಾಫಿ ತೋಟ ಇಟ್ಟುಕೊಂಡವರು. ನನ್ನ ಕರಿ ಕೋಟು ಚೀಲದಿಂದ ಇಣುಕಿದ್ದನ್ನು ನೋಡಿ ಮಾತಿಗೆಳೆದರು. ಏನು ಕೇಸು, ಯಾರ ಕಡೆ ಎಂದರು. ಹೆಸರು ಹೇಳದೆ ವಿಷಯ ಹೇಳಿದೆ.

"ಅಲ್ರೀ, ಕಾಫಿ ಕದ್ದೋನಿಗೆ ಸರ್ಕಾರದಿಂದ್ಲೇ ವಕೀಲ್ರಾ? ನಮ್ ತೆರಿಗೆ ದುಡ್ಡಲ್ಲಿ?" ಎಂದು ಅವರು ಮುಖ ಕಿವುಚಿದರು.

"ಕದ್ದ ಅಂತ ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ ಸಾರ್. ನಾಳೆ ನಿಮ್ಮ ಮೇಲೆ ಯಾರಾದರೂ ಸುಳ್ಳು ದೂರು ಕೊಟ್ಟರೆ?"

"ನನಗೆ ಬಿಡಿ, ವಕೀಲ್ರನ್ನ ಇಡೋ ತಾಕತ್ತೈತೆ."

"ಇಲ್ಲದವರಿಗೆ ನಾವಿದ್ದೀವಿ. ದುಡ್ಡು ಸರ್ಕಾರದ ಅನುದಾನದಿಂದ ಬರುತ್ತೆ. ನೀವು ಕಟ್ಟಿದ ತೆರಿಗೆ ಸುತ್ತಿ ಬಳಸಿ ಅದರಲ್ಲೂ ಇದೆ. ಇವತ್ತಿನ ನನ್ನ ಸೊನ್ನೆ ರೂಪಾಯಿ ಟಿಕೆಟ್ಟಲ್ಲೂ ಇದೆ. ಧರ್ಮ ಮಾಡಿದೆ ಅಂದುಕೊಳ್ಳಿ."

ಅವರು ಆಚೆ ಕಡೆ ಮುಖ ತಿರುಗಿಸಿದರು. ಬಾಳ್ಳುಪೇಟೆಯಲ್ಲಿ ಇಳಿಯುವಾಗ ಮಾತ್ರ, "ಹೊರಗೆ ಬಂದ್ಮೇಲೆ ಅವನಿಗೆ ಬುದ್ಧಿ ಹೇಳಿ ಮೇಡಂ," ಎಂದು ಹೇಳಿ ಹೋದರು. ಸಿಟ್ಟು ಬರಲಿಲ್ಲ. ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆಯನ್ನು ಕಾಯುವವರ ಭಯ ಅದು. ಆ ಭಯ ಲೋಕೇಶನಂಥ ಒಬ್ಬನ ಮೇಲೆ ಹೋಗಿ ಕೂತುಬಿಡುತ್ತದೆ ಎಂಬುದೇ ತೊಂದರೆ.

ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರು. ಇಳಿದವಳೇ ಕೋರ್ಟಿಗೆ ಹೋಗಿ ಜಾಮೀನು ಆದೇಶದ ಷರತ್ತು ಇನ್ನೊಮ್ಮೆ ನೋಡಿಕೊಂಡೆ. ಒಬ್ಬ ಜಾಮೀನುದಾರ, ಅವರ ಸ್ವಂತ ಹೆಸರಿನ ಪಹಣಿ, ಆಧಾರ್, ಫೋಟೋ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇರಲಿಲ್ಲ. ಪೇಟೆಯ ಹೋಟೆಲಿನಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದೆ. ಘಾಟಿ ಹತ್ತುವ ಮುಂಚೆ ತಿನ್ನಬಾರದೆಂದು ಗೊತ್ತಿದ್ದೂ ಎರಡು ತಿಂದೆ.

ಆನೇಮಹಲ್‌ವರೆಗೆ ಇನ್ನೊಂದು ಬಸ್ಸು. ಅಲ್ಲಿ ಹೆದ್ದಾರಿ ಬದಿಯಲ್ಲಿ ಬಾಡಿಗೆಗೆ ನಿಂತಿದ್ದ ಜೀಪಿನ ಡ್ರೈವರ್ ಪ್ರಸನ್ನ ನನ್ನ ಕ್ಯಾನ್ವಾಸ್ ಬೂಟು ನೋಡಿದವನೇ, "ಎಡಕುಮೇರಿ ಟ್ರೆಕ್ಕಿಂಗಾ ಮೇಡಂ? ಹಳಿ ಮೇಲೆ ನಡೆಯಕ್ಕೆ ಈಗ ಬಿಡಲ್ಲ, ಹಿಡ್ಕಂಡು ಹೋಗಿ ದಂಡ ಹಾಕ್ತಾರೆ," ಎಂದ. ಐವತ್ತು ದಾಟಿದ ನನ್ನಲ್ಲಿ ಅವನಿಗೆ ಚಾರಣಕ್ಕೆ ಹೊರಟವಳು ಕಂಡದ್ದಕ್ಕೆ ಒಳಗೊಳಗೇ ಹಿಗ್ಗಿದೆ. ಊರಿನ ಹೆಸರು ಹೇಳಿದೆ. ಎಂಟು ನೂರು ಎಂದ, ಏಳು ನೂರಕ್ಕೆ ಇಳಿಸಿದೆ. ರಸೀದಿ ಬೇಕು ಎಂದಾಗ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ.

"ಜೀಪಿಗೆ ರಸೀದಿನಾ? ಯಾವ ಕಾಲದೋರು ಮಾರಾಯ್ರೆ ನೀವು?"

ದಾರಿಯ ಬದಿಯಲ್ಲೆಲ್ಲ ಕಾಫಿ ಹೂ ಬಿಟ್ಟಿತ್ತು. ಹತ್ತು ದಿನದ ಹಿಂದೆ ಒಂದು ಒಳ್ಳೆ ಮಳೆ ಬಿದ್ದಿತ್ತಂತೆ. ಗಿಡಗಳ ಮೇಲೆ ಮೊಸರು ಚೆಲ್ಲಿದ ಹಾಗೆ ಬಿಳಿ, ವಾಸನೆ ಜೀಪಿನೊಳಗೆಲ್ಲ ತುಂಬಿತ್ತು. ಅದನ್ನು ಸವಿಯುವ ಯೋಗ ನನಗಿರಲಿಲ್ಲ. ಮೂರನೇ ತಿರುವಿನಲ್ಲೇ ರೊಟ್ಟಿಯ ಬೆಲೆ ಗೊತ್ತಾಯಿತು. ಪ್ರಸನ್ನ ಎರಡು ಸಲ ಜೀಪು ನಿಲ್ಲಿಸಿದ, ಒಂದು ಸಲವೂ ಬೇಸರಿಸಲಿಲ್ಲ. ಯಾರ ಮನೆಗೆ ಎಂದು ಅವನು ಕೇಳಿದಾಗ ಲೋಕೇಶನ ಹೆಸರು ಹೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಿಕ್ಕ ದಾರಿಯಲ್ಲಿ ಮಾತೇ ಆಡಲಿಲ್ಲ. ಊರೇ ಅವನನ್ನು ಬಿಟ್ಟಿರುವುದು ನಿಜವಿರಬೇಕು ಎಂದುಕೊಂಡೆ.

ಮಧ್ಯಾಹ್ನ ಊರು ಸಿಕ್ಕಿತು. ಅಲ್ಲೊಂದು ಇಲ್ಲೊಂದು ಹಂಚಿನ ಮನೆ, ಒಂದೊಂದರ ಹಿಂದೆ ಎಕರೆ, ಅರ್ಧ ಎಕರೆ ಕಾಫಿ. ಲೋಕೇಶನ ಹೆಂಡತಿ ಸುಶೀಲ ಬಾಗಿಲಲ್ಲೇ ನಿಂತಿದ್ದಳು. ನಾನು ಯಾರು ಎಂದು ಹೇಳಿದ ತಕ್ಷಣ ಅವಳು ಕೇಳಿದ್ದು ಒಂದೇ ಮಾತು.

"ಉಣ್ತಾ ಅವ್ರಾ?"

ಉಣ್ಣುತ್ತಿದ್ದಾನೆ, ಸ್ವಲ್ಪ ಇಳಿದುಹೋಗಿದ್ದಾನೆ ಎಂದೆ. ನೀನು ಯಾಕೆ ಒಂದು ಸಲವೂ ಬರಲಿಲ್ಲ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಜೈಲಿನ ಬಾಗಿಲಿಗೆ ಬರಕೂಡದು ಎಂದು ಅವನೇ ಹೇಳಿ ಹೋಗಿದ್ದನಂತೆ. ಮನೆಯಲ್ಲಿದ್ದ ಒಂದೇ ಫೋನು ಪೊಲೀಸರು ತೆಗೆದುಕೊಂಡು ಹೋಗಿದ್ದರು, ಅವಳ ಹೊಸ ನಂಬರು ಅವನಿಗೆ ಗೊತ್ತಿರಲಿಲ್ಲ. "ಬಂದ್ರೂ ಏನಂತ ಹೇಳ್ಲಿ ಮೇಡಂ? ಕೋರ್ಟ್ನೋರು ಜಾಮೀನು ಬೇಡ ಅಂದ್ಬುಟ್ರು ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದಳು.

ನಾನು ಬೆಚ್ಚಿದೆ. "ಬೇಡ ಅಂದರಾ? ಯಾರು? ಯಾವಾಗ? ನೀವು ಕೋರ್ಟಿಗೆ ಹೋಗಿದ್ದಿರಾ?"

"ಹೋಗಿದ್ವಲ್ಲ. ಎಲ್ಲಾರೂ ಹೋಗಿದ್ವಿ."

ಅಷ್ಟರಲ್ಲಿ ಕೋರ್ಟಿನ ಕಡೆಯವರು ಬಂದಿದ್ದಾರೆಂದು ಅಕ್ಕಪಕ್ಕದ ಮನೆಯವರು ಬಂದು ಅಂಗಳದಲ್ಲಿ ನಿಂತಿದ್ದರು. ಪಕ್ಕದ ಮನೆಯ ಮಲ್ಲೇಶಣ್ಣ, ಅರವತ್ತರ ಆಸುಪಾಸಿನವರು, ಹೆಗಲ ಮೇಲಿನ ಟವೆಲಿನಿಂದ ಜಗಲಿ ಝಾಡಿಸಿ ನನ್ನನ್ನು ಕೂರಿಸಿ ಕಥೆ ಹೇಳಿದರು. ಅದನ್ನು ಕೇಳಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ.

ಈ ಊರಿನ ಸಣ್ಣ ತೋಟದವರು ಕೂಲಿ ಕೊಟ್ಟು ಆಳು ಇಡುವುದಿಲ್ಲ. ಮುಯ್ಯಾಳು ಹೋಗುತ್ತಾರೆ. ಇವತ್ತು ನಿನ್ನ ತೋಟದಲ್ಲಿ ನಾನು ಕಾಫಿ ಕೊಯ್ದರೆ, ನಾಳೆ ನನ್ನ ತೋಟಕ್ಕೆ ನೀನು ಬಂದು ಆ ಮುಯ್ಯಿ ತೀರಿಸಬೇಕು. ಕೊಯ್ಲು, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಮನೆ ಹಂಚು ಕೈಯಾಡಿಸುವುದು ಎಲ್ಲವೂ ಹೀಗೇ, ಮನೆಗೊಬ್ಬರಂತೆ ಸರದಿ. ಲೋಕೇಶನಿಗೆ ಜಾಮೀನು ಬೇಕು ಎಂದಾಗ ಇವರು ಅದನ್ನೂ ಹಾಗೇ ಹಂಚಿಕೊಂಡರು. ಮೊದಲ ತಿಂಗಳು ಮಲ್ಲೇಶಣ್ಣನ ಮನೆಯ ಜಾಮೀನು, ಎರಡನೇ ತಿಂಗಳು ಅದರ ಪಕ್ಕದ ಮನೆಯದು, ಹೀಗೆ ಕೇಸು ಮುಗಿಯುವವರೆಗೂ ಸರದಿ. ಎಲ್ಲರ ಪಹಣಿಗಳನ್ನೂ ಒಟ್ಟಿಗೆ ಇಟ್ಟು ದಾರ ಕಟ್ಟಿ, ಮಧ್ಯಾಹ್ನಕ್ಕೆ ಕಡುಬಿನ ಬುತ್ತಿ ಇಟ್ಟುಕೊಂಡು, ಒಂದು ಜೀಪು ತುಂಬಾ ಜನ ಸಕಲೇಶಪುರಕ್ಕೆ ಹೋಗಿದ್ದರು.

"ಜೀಪು ನಂದೇ ಮೇಡಂ," ಎಂದ ಪ್ರಸನ್ನ ಹಿಂದಿನಿಂದ. "ಅವತ್ತು ಬಾಡಿಗೆ ಇಸ್ಕಂಡಿಲ್ಲ. ನೀವು ಯಾವ ಕಡೆಯೋರು ಅಂತ ಗೊತ್ತಾಗ್ದೆ ದಾರೀಲಿ ಬಾಯಿ ಬಿಡ್ಲಿಲ್ಲ."

ಕೋರ್ಟಿನೊಳಗೆ ಹೋಗಲು ಅವರಿಗೆ ಧೈರ್ಯ ಸಾಲಲಿಲ್ಲ. ಹೊರಗೆ ರಸ್ತೆ ಬದಿಯಲ್ಲಿ ಅರ್ಜಿ ಟೈಪು ಮಾಡುವವನೊಬ್ಬನಿಗೆ ದಾರ ಕಟ್ಟಿದ ಪಹಣಿ ತೋರಿಸಿದರು. ಅವನು ಬಿಚ್ಚಿ ನೋಡಿದ. ಒಂದರಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರು, ಇನ್ನೊಂದರಲ್ಲಿ ತೀರಿಕೊಂಡ ತಾತನ ಹೆಸರು, ಮತ್ತೊಂದರಲ್ಲಿ ತಾತನ ಅಣ್ಣನ ಹೆಸರು. ಇದ್ಯಾವುದೂ ನಡೆಯಲ್ಲ, ಸರದಿ ಗಿರದಿ ಇಲ್ಲ, ಒಬ್ಬರೇ ಬೇಕು, ಅವರ ಹೆಸರಲ್ಲೇ ಇರಬೇಕು ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಇವರು ಅದನ್ನು ಕೋರ್ಟಿನ ಮಾತು ಎಂದೇ ತಿಳಿದರು. ಬಡವರ ಜಾಮೀನು ಕೋರ್ಟಿಗೆ ಬೇಡವಂತೆ ಎಂದುಕೊಂಡು ಹೊಳೆ ದಂಡೆಯಲ್ಲಿ ಕೂತು ಬುತ್ತಿ ಉಂಡು ಊರಿಗೆ ವಾಪಸಾದರು. ಆಮೇಲೆ ಆ ಮಾತನ್ನೇ ಯಾರೂ ಎತ್ತಲಿಲ್ಲ.

"ಉಣ್ಣಕ್ಕೂ ಮನ್ಸಿರ್ಲಿಲ್ಲ ಕಣವ್ವ. ಕಡುಬು ಹಳಸ್ತದಲ್ಲ ಅಂತ ಉಂಡ್ವಿ," ಎಂದರು ಮಲ್ಲೇಶಣ್ಣ.

ಲೋಕೇಶ ಜೈಲಿನಲ್ಲಿ ಏನಂದುಕೊಂಡಿದ್ದಾನೆ ಎಂದು ನಾನು ಹೇಳಿದೆ. ಸೋಮವಾರ ಅವನು ಏನು ಮಾಡಲು ಹೊರಟಿದ್ದಾನೆ ಎಂಬುದನ್ನೂ ಹೇಳಿದೆ. ಸುಶೀಲ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. "ನಾವು ಹೋಗೇ ಇಲ್ಲ ಅಂದ್ಕಂಡವ್ನಾ?" ಎಂದು ಮಲ್ಲೇಶಣ್ಣ ಮೂರು ಸಲ ಕೇಳಿದರು. ಮೂರು ಸಲವೂ ಹೌದು ಎಂದೆ.

ಈಗ ಬೇಕಾದದ್ದು ಒಂದೇ ಒಂದು ಸ್ವಂತ ಹೆಸರಿನ ಪಹಣಿ. ಒಬ್ಬೊಬ್ಬರನ್ನೇ ಕೇಳಿದೆ. ಯಾರದ್ದೂ ಇಲ್ಲ. ಸ್ವಂತ ಹೆಸರಿನದು ಇರುವುದು ಎಸ್ಟೇಟಿನ ಧಣಿಗಳ ಹತ್ತಿರ ಮಾತ್ರ, ದೂರು ಕೊಟ್ಟವರೇ ಅವರು. ಖಾತೆ ಬದಲಾಯಿಸಿಕೊಳ್ಳಿ ಎಂದು ಬುದ್ಧಿ ಹೇಳಲು ಅದು ಹೊತ್ತಲ್ಲ, ಆದರೂ ಹೇಳಿದೆ. ನನ್ನ ನಾಲಿಗೆಗೆ ಹೊತ್ತುಗೊತ್ತು ಇಲ್ಲ. ಷರತ್ತು ಸಡಿಲಿಸಿ ಎಂದು ಅರ್ಜಿ ಹಾಕಬಹುದು, ಆದರೆ ಅದು ಒಂದೇ ದಿನದಲ್ಲಿ ಆಗುತ್ತದೆಂಬ ಭರವಸೆ ನನಗಿರಲಿಲ್ಲ.

ಆಗ ಕಾಫಿ ತಂದಿಟ್ಟ ಸುಶೀಲ ಮೆಲ್ಲಗೆ ಹೇಳಿದಳು, "ದ್ಯಾವಮ್ಮಜ್ಜೀದು ಐತೆ."

"ಸುಮ್ನಿರು," ಎಂದರು ಮಲ್ಲೇಶಣ್ಣ. "ಅವ್ರು ಮುಯ್ಯೀಲಿಲ್ಲ."

ಬಿಡಿಸಿ ಕೇಳಿದೆ. ದ್ಯಾವಮ್ಮನ ಗಂಡನಿಗೆ ಅಣ್ಣತಮ್ಮಂದಿರಿರಲಿಲ್ಲ, ಹಾಗಾಗಿ ಅವನು ಸತ್ತ ಮೇಲೆ ಖಾತೆ ನೇರವಾಗಿ ಇವಳ ಹೆಸರಿಗೆ ಬಂದಿತ್ತು. ಮಂಡಿ ನೋವಿನಿಂದ ಬೇರೆಯವರ ತೋಟಕ್ಕೆ ಬರಲಾಗದ ಮೇಲೆ ಅವಳು ತಾನಾಗಿಯೇ ಮುಯ್ಯಿಯಿಂದ ಹೊರಗೆ ಉಳಿದಿದ್ದಳು. ತಿರುಗಿ ತೀರಿಸಲಾಗದವರ ಹತ್ತಿರ ಏನನ್ನೂ ಕೇಳಬಾರದು ಎಂಬುದು ಈ ಊರಿನ ಮರ್ಯಾದೆ. ಅವಳ ಕಾಫಿಯನ್ನು ವರ್ಷ ವರ್ಷ ಕೊಯ್ದು ಕೊಡುವುದು ಲೋಕೇಶ. ಅದು ಲೆಕ್ಕಕ್ಕಿಲ್ಲವಾ ಎಂದೆ. "ಅದು ಮುಯ್ಯಿ ಅಲ್ಲ, ಸುಮ್ನೆ ಮಾಡೋದು. ಅದ್ನ ಹಿಡ್ಕಂಡು ಹೋಗಿ ಕೇಳಿದ್ರೆ ಅಜ್ಜಿಗೆ ಚುಚ್ಚಿದಂಗಾಯ್ತದೆ," ಎಂದರು ಮಲ್ಲೇಶಣ್ಣ.

ಮರ್ಯಾದೆಯೇನೋ ದೊಡ್ಡದು. ಆದರೆ ಅದರ ಮಧ್ಯೆ ಒಬ್ಬ ಮನುಷ್ಯ ಜೈಲಿನಲ್ಲಿ ಕೊಳೆಯುತ್ತಿದ್ದ. ನಾನು ಎದ್ದು ಅಜ್ಜಿಯ ಮನೆ ಎಲ್ಲಿ ಎಂದೆ.

ದ್ಯಾವಮ್ಮ ಅಂಗಳದಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಉದ್ದನೆಯ ಕೋಲಿನಿಂದ ಒಣ ಹಾಕಿದ ಮೆಣಸು ಕೆದಕುತ್ತಿದ್ದಳು. ನಾವು ಅಷ್ಟೂ ಜನ ಬರುವುದನ್ನು ನೋಡಿಯೂ ಕೆದಕುವುದನ್ನು ನಿಲ್ಲಿಸಲಿಲ್ಲ. ನಾನು ವಿಷಯ ಹೇಳಿ ಮುಗಿಸಿದ ಮೇಲೆ ಕೋಲನ್ನು ಮಲ್ಲೇಶಣ್ಣನ ಕಡೆ ತೋರಿಸಿದಳು.

"ಜೀಪು ಈ ಬಾಗ್ಲ ಮುಂದ್ಲೇ ಹೋಯ್ತು ಕಣೋ ಮಲ್ಲೇಶ. ಊರೆಲ್ಲಾ ತುಂಬ್ಕಂಡು ಹೋದ್ರಿ. ಅಜ್ಜಿ, ನೀನೂ ಬತ್ತೀಯಾ ಅಂತ ಒಬ್ಬ ಕೇಳಿದ್ನಾ?"

"ನೀವು ಮುಯ್ಯೀಲಿಲ್ವಲ್ಲ ಅಂತ..."

"ಮಂಡಿ ಹೋಗೈತೆ ಕಣೋ, ನಾನು ಹೋಗ್ಬುಟ್ಟಿಲ್ಲ! ಕರೀದೆ ಇದ್ದಲ್ಲಿಗೆ ನಾನಾಗೇ ಬಂದು ನನ್ ಪಹಣಿ ತಕಳ್ರಪ್ಪ ಅಂದ್ರೆ, ದೊಡ್ಡಸ್ತಿಕೆ ತೋರ್ಸಕ್ಕೆ ಬಂದ್ಲು ಮುದ್ಕಿ ಅಂತಿದ್ರಿ. ಅದ್ಕೇ ಬಾಯಿ ಮುಚ್ಕಂಡು ಕೂತಿದ್ದೆ. ಲೋಕೇಶ ನನ್ನ ಗಿಡದ ಕಾಫಿ ಕುಯ್ಯೋದ್ನ ನೀವೆಲ್ಲಾ ಸುಮ್ನೆ ಅಂತೀರಿ. ನಾನು ಅಂಗಂದಿದ್ನಾ? ನನ್ ಮುಯ್ಯಿ ಉಳ್ಕಂಡೈತೆ ಕಣ್ರೋ. ತೀರ್ಸಕ್ಕೆ ಒಂದು ದಾರಿ ಸಿಕ್ತು."

ಇವರು ಕೇಳಬಾರದೆಂದು ಸುಮ್ಮನಿದ್ದರು, ಅವಳು ಕೇಳಲಿ ಎಂದು ಸುಮ್ಮನಿದ್ದಳು. ಮಧ್ಯೆ ಇದ್ದದ್ದು ಕೂಗಳತೆಯ ದೂರ. ನನಗೆ ಎಷ್ಟು ಹಗುರವಾಯಿತೆಂದರೆ, ಅಜ್ಜಿಯ ಅಂಗಳದ ಮೆಣಸಿನ ಪಕ್ಕದಲ್ಲೇ ಕುಕ್ಕರಿಸಿ ಕೂತು ಜೋರಾಗಿ ನಕ್ಕೆ. ಸುಶೀಲ ಅಜ್ಜಿಯ ಕಾಲು ಮುಟ್ಟಲು ಹೋಗಿ ಬೈಸಿಕೊಂಡಳು.

ಸಂಜೆಯೇ ಹೊರಡೋಣ ಎಂದರೆ ಪ್ರಸನ್ನನ ಫೋನಿಗೆ ಆನೆಗಳು ರಸ್ತೆ ದಾಟುತ್ತಿವೆ ಎಂಬ ಸಂದೇಶ ಬಂತು. ಊರಿನಲ್ಲೇ ಉಳಿದೆ. ಸುಶೀಲ ಕಡುಬು, ಹುರುಳಿ ಸಾರು ಮಾಡಿದಳು. ಮರುದಿನದ ತಿರುವುಗಳು ನೆನಪಿದ್ದೂ ಹೊಟ್ಟೆ ತುಂಬಾ ಉಂಡೆ. ಜಗಲಿಯ ಮೇಲೆ ಕೂತಿದ್ದಾಗ ದ್ಯಾವಮ್ಮ, ನಿನ್ನ ಫೀಸು ಎಷ್ಟು ಎಂದು ವಿಚಾರಿಸಿದಳು.

"ಏನೂ ಇಲ್ಲ ಅಜ್ಜಿ. ಯಾರ ಹತ್ತಿರವೂ ತೆಗೆದುಕೊಳ್ಳೋ ಹಾಗಿಲ್ಲ."

"ಮತ್ತೆ ಹೊಟ್ಟೆಗೆ?"

ಸಂಬಳ ಸರ್ಕಾರ ಕೊಡುತ್ತದೆ ಎಂದೆ. ದೆಹಲಿಯಿಂದ ಒಂದಿಷ್ಟು, ಬೆಂಗಳೂರಿನಿಂದ ಒಂದಿಷ್ಟು ಅನುದಾನ ಬರುತ್ತದೆ, ಕೆಲವು ಸಲ ಕೋರ್ಟುಗಳು ಕಟ್ಟಿಸುವ ದಂಡದ ದುಡ್ಡೂ ಬಂದು ಸೇರುತ್ತದೆ, ಎಲ್ಲ ಜನ ಕಟ್ಟಿದ್ದೇ ಎಂದೆ. ನಾಳೆಯ ಪ್ರಮಾಣಪತ್ರದ ಖರ್ಚು, ಜೀಪಿನ ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು. ಯಾವಾಗಲೂ ಕೈತುಂಬಾ ಇರುವುದಿಲ್ಲ, ಆದರೆ ಕೈ ಬರಿದಾಯಿತೆಂದು ಯಾರನ್ನೂ ವಾಪಸು ಕಳಿಸಿದ್ದಿಲ್ಲ ಎಂದು ಸ್ವಲ್ಪ ಜಂಬವನ್ನೂ ಸೇರಿಸಿದೆ.

ಅಜ್ಜಿ ಎಲೆಗೆ ಸುಣ್ಣ ಸವರಿ ಮಡಿಸಿದಳು. "ಎಲ್ಲಾರೂ ಚೂರುಚೂರು ಹಾಕಿ, ಯಾರಿಗೆ ಕಷ್ಟವೋ ಅವ್ರ ಪರ ನಿಂತ್ಕ ಅಂತ ನಿನ್ನ ಇಟ್ಕಂಡವ್ರೆ. ಅಂಗಾರೆ ನೀನೂ ಮುಯ್ಯಾಳೇ ಕಣವ್ವ," ಎಂದಳು. ನಮ್ಮ ಕಚೇರಿಯ ಬಗ್ಗೆ ನಾನು ಎಷ್ಟೋ ಶಾಲೆಗಳಲ್ಲಿ ಭಾಷಣ ಮಾಡಿದ್ದೇನೆ. ಇನ್ನು ಮುಂದೆ ಇದನ್ನೇ ಹೇಳುತ್ತೇನೆ.

ಶುಕ್ರವಾರ ಬೆಳಿಗ್ಗೆ ಜೀಪಿನಲ್ಲಿ ಅಜ್ಜಿ, ಸುಶೀಲ, ನಾನು ಮೂವರು ಹೋದರೆ ಸಾಕಿತ್ತು. ಯಾರು ಕೇಳುತ್ತಾರೆ! ಹೋದ ಸಲ ಹೋದವರೆಲ್ಲ ಹತ್ತಿದರು. ಅಜ್ಜಿ ಮುಂದಿನ ಸೀಟಿನಲ್ಲಿ ಒಗೆದ ಸೀರೆ ಉಟ್ಟು ಕೂತಳು, ನಾನು ಹಿಂದೆ ಮಲ್ಲೇಶಣ್ಣ ಮತ್ತು ಬುತ್ತಿ ಗಂಟಿನ ಮಧ್ಯೆ ಸಿಕ್ಕಿಕೊಂಡೆ. ಆ ಇಕ್ಕಟ್ಟಿನಲ್ಲಿ ಹೊಟ್ಟೆ ತೊಳಸಲೂ ಜಾಗವಿರಲಿಲ್ಲವೋ ಏನೋ, ಒಂದು ನಿಂಬೆಹಣ್ಣೂ ಖರ್ಚಾಗದೆ ಸಕಲೇಶಪುರ ಮುಟ್ಟಿದೆ. ಸೈಬರ್ ಅಂಗಡಿಯಲ್ಲಿ ಅಜ್ಜಿಯ ಹೊಸ ಪಹಣಿ ತೆಗೆಸಿ, ಫೋಟೋ ಹೊಡೆಸಿ, ಪ್ರಮಾಣಪತ್ರ ಮಾಡಿಸಿದೆ. ಮಧ್ಯಾಹ್ನದ ಕಲಾಪದಲ್ಲಿ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದೆ. ಬಾಗಿಲಲ್ಲಿ ಊರಿನವರೆಲ್ಲ ಕತ್ತು ಚಾಚಿ ನಿಂತಿದ್ದರು. ಅಜ್ಜಿಯ ವಯಸ್ಸು ನೋಡಿ ಬೇಡ ಎಂದುಬಿಟ್ಟರೆ ಎಂಬ ಭಯ ನನಗಿತ್ತು.

"ಆರೋಪಿ ನಿಮಗೆ ಏನಾಗಬೇಕು?" ಎಂದರು ನ್ಯಾಯಾಧೀಶರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಏನೂ ಆಗ್ಬೇಕಿಲ್ಲ ತಾಯಿ. ನಮ್ಮೂರೋನು."

"ಯಾರಾದರೂ ಬಲವಂತ ಮಾಡಿ ಕರಕೊಂಡು ಬಂದರಾ?"

"ಕರೀಲೇ ಇಲ್ಲ ಅಂತ ನಾನೇ ಬಯ್ದು ಬಂದೆ."

"ಅವನು ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ನೀವು ದುಡ್ಡು ಕಟ್ಟಬೇಕಾಗುತ್ತೆ. ಇಲ್ಲದಿದ್ದರೆ ಜಮೀನಿಗೇ ತೊಂದರೆ. ಗೊತ್ತಾ?"

"ಎಲ್ಲಿಗೆ ತಪ್ಪುಸ್ಕಂಡು ಹೋಯ್ತಾನೆ ತಾಯಿ? ನನ್ ಮೆಣಸು ಅರ್ಧ ಇನ್ನೂ ಬಳ್ಳಿಲೈತೆ."

ನ್ಯಾಯಾಧೀಶರು ಕಾಗದದ ಮರೆಯಲ್ಲಿ ನಕ್ಕದ್ದನ್ನು ನಾನು ನೋಡಿದೆ. ಪಹಣಿಯನ್ನು ತಿರುವಿ ನೋಡಿದರು, ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡರು, ಜಾಮೀನು ಒಪ್ಪಿದರು. ಬಿಡುಗಡೆಯ ಆದೇಶ ಕಂಪ್ಯೂಟರಿನಲ್ಲೇ ಹಾಸನದ ಜೈಲಿಗೆ ಹೋಯಿತು. ಹೊರಗೆ ಬಂದು ನಾನು ಅಷ್ಟು ಜನರ ಮುಂದೆ ಅಜ್ಜಿಯನ್ನು ತಬ್ಬಿಕೊಂಡೆ. ಕರಿ ಕೋಟಿಗೆ ಸುಣ್ಣ ಹತ್ತಿತು, ಹತ್ತಲಿ.

ಹಾಸನಕ್ಕೆ ನಾನು ಬಸ್ಸಿನಲ್ಲಿ ಹೋಗಬೇಕಿತ್ತು, ಅವರು ಬಿಡಲಿಲ್ಲ. ಬಾಳ್ಳುಪೇಟೆಯಲ್ಲಿ ಜೀಪು ನಿಲ್ಲಿಸಿ ಎಲ್ಲರೂ ಟೀ ಕುಡಿದೆವು. ದುಡ್ಡು ಕೊಡುವುದು ಯಾರ ಸರದಿ ಎಂದು ಗಂಡಸರು ಅಲ್ಲೇ ಜಗಳವಾಡಿದರು. ಆಲೂರಿನ ಹತ್ತಿರ ನಾಲ್ಕು ಹನಿ ಬಿದ್ದು ಧೂಳಿನ ವಾಸನೆ ಎದ್ದಿತು. ಜೈಲಿನ ಬಾಗಿಲಿಗೆ ಬಂದಾಗ ಇನ್ನೂ ಬೆಳಕಿತ್ತು.

ನಾನು ಒಳಗೆ ಹೋಗಿ ಆದೇಶ ಬಂದಿದೆಯೆಂದು ಖಾತ್ರಿ ಮಾಡಿಕೊಂಡೆ. ಲೋಕೇಶನಿಗೆ ಜಾಮೀನು ಆಯಿತೆಂದು ಮಾತ್ರ ಹೇಳಿದ್ದರು, ಕೊಟ್ಟವರು ಯಾರೆಂದು ಹೇಳಿರಲಿಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ತಲೆ ಬಗ್ಗಿಸಿಯೇ ಹೊರಗೆ ಬಂದ. ನನ್ನನ್ನು ನೋಡಿ ಕೈ ಮುಗಿದ. ಆಮೇಲೆ ನನ್ನ ಹಿಂದೆ ರಸ್ತೆಯ ಆಚೆ ನಿಂತಿದ್ದ ಜೀಪು ಕಂಡಿತು. ಒಬ್ಬೊಬ್ಬರಾಗಿ ಇಳಿಯುತ್ತಿದ್ದವರನ್ನು ನೋಡುತ್ತಾ ಅವನು ಅಲ್ಲೇ ನಿಂತುಬಿಟ್ಟ.

"ಇಷ್ಟೂ ಜನ ಬಂದವ್ರಾ?"

"ಇದು ಎರಡ್ನೇ ಸಲ ಕಣೋ," ಎಂದರು ಮಲ್ಲೇಶಣ್ಣ. ದಾರ ಕಟ್ಟಿದ ಪಹಣಿಯ ಕಥೆಯನ್ನು ಅವರು ಒಂದು ಕಡೆಯಿಂದ, ಪ್ರಸನ್ನ ಇನ್ನೊಂದು ಕಡೆಯಿಂದ ಹೇಳತೊಡಗಿದರು. ತಿಂಗಳಿಗೊಂದು ಮನೆಯ ಸರದಿ ಎಂಬಲ್ಲಿಗೆ ಬಂದಾಗ ಲೋಕೇಶನಿಗೆ ನಗು ಬಂತು. ನಗುತ್ತಲೇ ಅಳು ಬಂತು. ರಸ್ತೆ ಬದಿಯಲ್ಲೇ ಕೂತು, ಮುಖವನ್ನು ಮಂಡಿಯ ಮಧ್ಯೆ ಹುದುಗಿಸಿಕೊಂಡು ಅತ್ತ. ಸುಶೀಲ ಅವನ ಪಕ್ಕ ಕೂತಳು. ದ್ಯಾವಮ್ಮ ಜೀಪಿನಿಂದ ಇಳಿಯದೆಯೇ, "ಅವ್ನಿಗೆ ಮೊದ್ಲು ಏನಾರ ತಿನ್ನಕ್ಕೆ ಕೊಡ್ರೋ," ಎಂದು ಕೂಗಿದಳು.

ಹೊರಡುವ ಮುಂಚೆ ಸೋಮವಾರ ಹನ್ನೊಂದು ಗಂಟೆಗೆ ಸಕಲೇಶಪುರದ ಕೋರ್ಟಿನಲ್ಲಿ ಇರಬೇಕು, ತಪ್ಪಿಸಬಾರದು ಎಂದು ಅವನಿಗೆ ಹೇಳಿದೆ. ಕೇಸು ಇನ್ನೂ ಮುಗಿದಿಲ್ಲ, ಮೂಟೆ ಯಾರು ಒಯ್ದರು ಎಂಬುದು ಇನ್ನೂ ಗೊತ್ತಾಗಿಲ್ಲ, ನಡೆಯುವುದು ಬಹಳ ಇದೆ ಎಂದೂ ಹೇಳಿದೆ. ಅವನು ಮಲ್ಲೇಶಣ್ಣನ ಟವೆಲಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ಬತ್ತೀನಿ ಮೇಡಂ. ಒಪ್ತೀಯಾ ಅಂತ ಕೇಳಿದ್ರೆ, ಇಲ್ಲ, ನಾನು ಕದ್ದಿಲ್ಲ ಅಂತ್ಲೇ ಹೇಳ್ತೀನಿ. ಎಲ್ಲಾರ್ಗೂ ಕೇಳಂಗೆ ಹೇಳ್ತೀನಿ."

ಜೀಪಿನಲ್ಲಿ ಅವನಿಗೆ ಜಾಗವಿರಲಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಸರಿದು ಒಂದು ಚೂರು ಜಾಗ ಮಾಡಿದರು. ಅವನು ಹತ್ತಿದ. ಜೀಪು ಸಕಲೇಶಪುರದ ರಸ್ತೆಗೆ ತಿರುಗುವವರೆಗೂ ನಾನು ನೋಡುತ್ತಾ ನಿಂತಿದ್ದೆ. ಆ ಗದ್ದಲದಲ್ಲಿ ಯಾವ ತಲೆ ಅವನದೆಂದು ಗುರುತು ಸಿಗಲಿಲ್ಲ.